ನಮ್ಮ ಕಣದ ವಾಟ

ನನ್ನ ಅಣ್ಣನ ಮೇಲ್ಸಾಲಿನ ಎರಡು ಹಲ್ಲುಗಳು ಕಟ್ಟಿಸಿಕೊಂಡಂಥವು. ಮೊದಲಿನವು ಎಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ "ಹಾರೆ ತಾಗ್ತು" ಎಂದಷ್ಟೇ ಹೇಳಿ ಮಳೆಯ ಮಾತು ತೆಗೆಯುತ್ತಾನೆ. ನಮ್ಮ ಭಾವನ ಬಲಗಿವಿಯ ಮೇಲಂಚಿನಲ್ಲಿ ಇಲಿ ಕಡಿದ ರೊಟ್ಟಿಯ ಹಾಗೆ ಒಂದು ತುಣುಕು ಇಲ್ಲ. ಅದರ ಬಗ್ಗೆ ಅವರು ಏನನ್ನೂ ಹೇಳುವುದಿಲ್ಲ, ಕೂದಲು ಬಿಟ್ಟು ಮುಚ್ಚಿಕೊಂಡಿದ್ದಾರೆ. ಮಳೆಗಾಲ ಹತ್ತಿರ ಬಂದಾಗ ನನ್ನ ಎಡ ಹೆಗಲು ನೋಯುತ್ತದೆ. ಈ ಮೂರೂ ಒಂದೇ ಮಧ್ಯಾಹ್ನದ ಫಸಲು. ಆ ಮಧ್ಯಾಹ್ನ ನಾವು ಕೈಗೆ ಸಾಮಾನು ಹಿಡಿದದ್ದು ಯಾರನ್ನೂ ಹೊಡೆಯುವುದಕ್ಕಲ್ಲ, ಒಂದು ಕಾರಿಗೆ ಒಂದು ಕಬ್ಬಿಣದ ರಾಡು ಕೂರಿಸುವುದಕ್ಕೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಕಾಫಿಗೆ ಅಪ್ಪಂದಿರು ಕಂಡಿರದಂಥ ರೇಟು ಬಂದು, ನಮ್ಮ ಕಡೆಯ ಗಂಡಸರಲ್ಲಿ ಕೆಲವರು ಮನೆ ಕಟ್ಟಿಸಿದರು, ಕೆಲವರು ಕೆರೆ ತೋಡಿಸಿದರು, ಇನ್ನು ಕೆಲವರು ಕಾರ್ ರ‍್ಯಾಲಿಗೆ ಬಿದ್ದು ಹಾಳಾದರು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಮೂರನೆಯ ಪಂಗಡ. ಕಳಸದ ಹತ್ತಿರ ಅವರ ತೋಟ. ಅವರದು ಆ ಕಾಲದ ಗುಂಡು ಬೆನ್ನಿನ ಹಳೆಯ ಕಾರು. ನೇರ ರಸ್ತೆಯಲ್ಲಿ ಅದು ಸಾಧು ಪ್ರಾಣಿ. ತಿರುವು ಕಂಡಿತೋ, ಹೊರಮಗ್ಗುಲಿಗೆ ಪೂರ್ತಿ ವಾಲಿ ರಸ್ತೆಗೆ ನಮಸ್ಕಾರ ಮಾಡಲು ಹೋಗುತ್ತಿತ್ತು. ಕಳಸದ ದಾರಿಯಲ್ಲಿ ನೇರ ಎಂಬುದೇ ಇಲ್ಲದ ಕಾರಣ ಅದರ ಸಾಧುತ್ವವನ್ನು ಕಂಡವರು ಕಡಿಮೆ.

ಆ ವರ್ಷ ಕಾಫಿ ಹಣ್ಣು ಕುಯ್ಲು ಶುರುವಾಗುವ ಹೊತ್ತಿಗೆ, ಭಾವ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಟ್ಟಿಗೆಹಾರ ದಾಟಿ ಮನೆಗೆ ಹೋಗುತ್ತಿದ್ದಾಗ, ಒಂದು ಬಲತಿರುವಿನಲ್ಲಿ ಕಾರು ಎಡಕ್ಕೆ ವಾಲಿತು. ವಾಲಿದ್ದು ಏಳಲಿಲ್ಲ. ಎರಡು ಸಲ ಮಗುಚಿ, ಕೆಳಗಿನ ತೋಟದ ಕಾಫಿ ಗಿಡಗಳನ್ನು ಬುಡಸಮೇತ ಕಿತ್ತುಕೊಂಡು ಹೋಗಿ ನೆರಳಿಗೆ ಬೆಳೆಸಿದ ಒಂದು ಸಿಲ್ವರ್ ಮರಕ್ಕೆ ಬಡಿದು ಮಲಗಿತು. ಭಾವನಿಗೆ ಒಂದು ಗೀರೂ ಇಲ್ಲ. ಅಕ್ಕನ ಎಡಗಡೆಯ ಕೊರಳೆಲುಬು ಎರಡು ತುಂಡಾಗಿ, ಒಂದು ತುಂಡು ಚರ್ಮವನ್ನು ಒಳಗಿನಿಂದ ಗೂಟದಂತೆ ಎತ್ತಿ ನಿಂತಿತ್ತು. ತಲೆಯ ತುಂಬ ಗಾಜು. ರಕ್ತ ಕಣ್ಣಿಗಿಳಿದು ಅವಳಿಗೆ ಏನೂ ಕಾಣುತ್ತಿರಲಿಲ್ಲ. ಕಿಟಕಿಯಿಂದ ಅವಳನ್ನು ಎಳೆಯುತ್ತ ಭಾವ ಆಡಿದ ಮೊದಲ ಮಾತು, "ನಾನು ತಿರುವಿನ ಲೈನು ಸರಿಯಾಗೇ ತಗಂಡಿದ್ದೆ, ಕಾರು ವಾಲ್ತು."

ಅಕ್ಕ ಆಸ್ಪತ್ರೆಯಿಂದ ಗಂಡನ ಮನೆಗೆ ಹೋಗಲಿಲ್ಲ. ಮೂಡಿಗೆರೆ ಹತ್ತಿರದ ನಮ್ಮ ಮನೆಗೆ, ತವರಿಗೆ ಬಂದಳು. ಕರೆಯಲು ಬಂದ ಭಾವನಿಗೆ ಎಲ್ಲರೆದುರು ಹೇಳಿದಳು, "ತಪ್ಪು ಕಾರಿಂದು ಅಂದ್ರಲ್ಲ. ಸರಿ. ಆ ಕಾರು ವಾಲೋದು ನಿಂತ ದಿನ ಬರ್ತೀನಿ. ಆ ವಾಲೋದನ್ನ ಇಲ್ಲಿ, ನನ್ನ ಕಣ್ಣೆದುರಿಗೆ ನಿಲ್ಸಬೇಕು."

ಅಪ್ಪನಿಗೆ ಅವಳನ್ನು ಕಳಿಸುವ ಮನಸ್ಸೇ ಇರಲಿಲ್ಲ. ಅಣ್ಣನಿಗಂತೂ ಭಾವನನ್ನು ಹೊಡೆಯುವುದಕ್ಕೆ ಮರ್ಯಾದಸ್ಥರು ಒಪ್ಪುವಂಥ ಒಂದು ಕಾರಣ ಬೇಕಿತ್ತು. ಅಳಿಯನನ್ನು ಸುಮ್ಮಸುಮ್ಮನೆ ಹೊಡೆಯುವ ಸಂಪ್ರದಾಯ ನಮ್ಮಲ್ಲಿಲ್ಲ.

ಮಾರ್ಚ್‌ನಲ್ಲಿ ಒಂದು ಭಾನುವಾರ ಭಾವ ಬಂದರು. ಕಾರನ್ನು ಚಿಕ್ಕಮಗಳೂರಿನಲ್ಲಿ ನಗ್ಗು ಬಡಿಸಿ, ಬಣ್ಣ ಹೊಡೆಸಿ, ಹಿಂದಿನ ಸೀಟಿನಲ್ಲಿ ಗೋಣಿ ಸುತ್ತಿದ ಒಂದು ವಸ್ತುವನ್ನು ಮಲಗಿಸಿಕೊಂಡು ತಂದಿದ್ದರು. ಕೊಯಮತ್ತೂರಿನಿಂದ ರ‍್ಯಾಲಿಯವರ ಕೈಯಲ್ಲಿ ತರಿಸಿದ ಸ್ಟೆಬಿಲೈಸರ್ ರಾಡು. ಹೆಬ್ಬೆರಳು ದಪ್ಪ, ಎರಡೂ ತುದಿ ಮಡಿಸಿದ್ದು, ದೊಡ್ಡ ಆನೆಗೆ ಮಾಡಿಸಿದ ಮೂಗುದಾರದಂತೆ ಕಾಣುತ್ತಿತ್ತು. ಮುಂದಿನ ಎರಡು ಚಕ್ರಗಳ ತೋಳುಗಳಿಗೆ ಇದನ್ನು ಅಡ್ಡಲಾಗಿ ಬಿಗಿದರೆ, ತಿರುವಿನಲ್ಲಿ ಒಂದು ಮಗ್ಗುಲು ಕುಗ್ಗಲು ಹೋದಾಗ ಇನ್ನೊಂದು ಮಗ್ಗುಲು ಬಿಡುವುದಿಲ್ಲ, ಕಾರು ವಾಲುವುದಿಲ್ಲ ಎಂದು ಭಾವ ಕೈಯಲ್ಲಿ ಅಭಿನಯಿಸಿ ತೋರಿಸಿದರು.

"ಅಂದ್ರೆ ಒಬ್ಬ ಬಿದ್ರೆ ಇನ್ನೊಬ್ಬನೂ ಬೀಳ್ಬೇಕು," ಎಂದ ಅಣ್ಣ.

"ಒಬ್ಬ ಬೀಳಕ್ಕೆ ಇನ್ನೊಬ್ಬ ಬಿಡಲ್ಲ ಮಾರಾಯ."

"ನೀವು ಹೇಳೋದು ಹಾಗೆ."

ಜಗಲಿಯ ಮೇಲೆ ಅಕ್ಕನ ಸೂಟ್‌ಕೇಸು ಬೆಳಿಗ್ಗೆಯಿಂದ ಕೂತಿತ್ತು. ಅದರ ಪಕ್ಕದಲ್ಲಿ ಅಕ್ಕ. ಅಪ್ಪ ಆ ಕಡೆ ನೋಡದೆ ಎರಡು ಸಲ ಅದರ ಮುಂದೆ ಹಾದುಹೋದರು.

ರಾಡಿನ ಜೊತೆ ಬಂದ ಕಾಗದದ ಮೊದಲ ವಾಕ್ಯವೇ, ಕಾರನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಬೇಕು ಎಂದಿತ್ತು. ನಮ್ಮ ಸೀಮೆಯಲ್ಲಿ ಇದು ದುಬಾರಿ ಬೇಡಿಕೆ. ಭಾವನ ತೋಟದಲ್ಲಿ ಮನುಷ್ಯರು ನಿಲ್ಲುವುದೇ ಒಂದು ಮೊಣಕಾಲು ಮಡಿಸಿ. ಆದರೆ ನಮ್ಮಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣ ಇತ್ತು. ಸಮ ಅಂದರೆ ಏನು ಎಂದು ಮಕ್ಕಳು ಕೇಳಿದರೆ ನಮ್ಮ ಕಡೆ ಕಣವನ್ನೇ ತೋರಿಸುತ್ತಾರೆ.

ಆ ಕಣವನ್ನು ಅಪ್ಪ ಮೇಸ್ತ್ರಿಯ ಬೆನ್ನಿಗೆ ನಿಂತು ಮಾಡಿಸಿದ್ದರು. ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಮಳೆನೀರು ತಾನಾಗಿ ಹರಿದುಹೋಗಲೆಂದು ಕಣ್ಣಿಗೆ ಕಾಣದಷ್ಟು ಇಳಿಜಾರು, ನಾವು ವಾಟ ಎನ್ನುವುದು, ಕೊಡಿಸಿದ್ದರು. ಎರಡು ಕಡೆಯ ವಾಟವೂ ಕೆಳಗಿನ ಮೂಲೆಯ ತೂಬಿನಲ್ಲಿ ಕೂಡುತ್ತಿತ್ತು. ಹೂಮಳೆ ನಿಂತ ಸ್ವಲ್ಪ ಹೊತ್ತಿಗೇ ಕಣ ಒಣಗುವುದನ್ನು ಬಂದ ನೆಂಟರಿಗೆಲ್ಲ ಅಪ್ಪ ಮಗಳ ಮಾರ್ಕ್ಸ್ ಕಾರ್ಡು ತೋರಿಸಿದಂತೆ ತೋರಿಸುತ್ತಿದ್ದರು. ಕಣಕ್ಕೆ ವಾಟ ಇದೆ ಎಂದು ನಮಗೆಲ್ಲ ಗೊತ್ತಿತ್ತು. ಕಣ ಸಮ ಇದೆ ಎಂದೂ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳು ನಮ್ಮ ತಲೆಯೊಳಗೆ ಒಮ್ಮೆಯೂ ಪರಸ್ಪರ ಭೇಟಿಯಾಗಿರಲಿಲ್ಲ.

ಮೇಲಿನ ಭಾಗದಲ್ಲಿ ಕೊನೆಯ ಚೆರ್ರಿ, ಅಂದರೆ ಸಿಪ್ಪೆಸಮೇತದ ಕಾಫಿ, ಒಣಗುತ್ತಿದ್ದುದರಿಂದ ಕಾರನ್ನು ಕೆಳಗಿನ ಮೂಲೆಗೆ, ತೂಬಿನ ಪಕ್ಕಕ್ಕೆ ತಂದೆವು. ಅಡಿಗೆ ತೂರಲು ಜಾಗವಾಗಲೆಂದು ನಾಲ್ಕು ಚಕ್ರಕ್ಕೂ ಒಂದೇ ಎತ್ತರದ ಸೈಜುಗಲ್ಲು ಕೊಟ್ಟೆವು. ಅಪ್ಪ ಕುರ್ಚಿ ತರಿಸಿ, ಬೀಟೆಯ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಅಧ್ಯಕ್ಷತೆ ವಹಿಸಿದರು.

"ಅಳಿಯಂದಿರೇ, ಒಂದು ತೊಟ್ಟು ಎಣ್ಣೆ ಕಣಕ್ಕೆ ಬೀಳಬಾರ್ದು. ಕಾಫಿ ವಾಸನೆ ಹಿಡ್ಕಂಡ್ರೆ ಬಿಡಲ್ಲ."

ಎಣ್ಣೆ ನಿಷೇಧವಾದ್ದರಿಂದ ರಾಡಿನ ಜಾಗದಲ್ಲಿ ತುಕ್ಕು ಹಿಡಿದಿದ್ದ ಹಳೆಯ ಬೋಲ್ಟುಗಳನ್ನು ಉಳಿ ಸುತ್ತಿಗೆಯಲ್ಲಿ ಕೊಂದೆವು. ಬೇರೆ ಪದ ಇಲ್ಲ. ಒಂದೊಂದರ ತಲೆ ಹಾರಿಸಿ, ಮುಂಡವನ್ನು ಒಳಗಿಂದ ಗುದ್ದಿ ಹೊರಹಾಕಿದೆವು. ಒಂದು ಏಟು ಅಣ್ಣನ ಹೆಬ್ಬೆರಳಿಗೆ ಬಿದ್ದು ಉಗುರು ಅರ್ಧ ಎದ್ದು ನಿಂತಿತು. ಉಳಿ ಹಿಡಿದಿದ್ದವನು ಅವನು, ಸುತ್ತಿಗೆ ಭಾವನದು. ಅಣ್ಣ ಉಗುರನ್ನು ಹಲ್ಲಿನಿಂದ ಕಿತ್ತು ಉಗಿದು, ಭಾವನನ್ನು ನೋಡಿ, "ಪರ್ವಾಗಿಲ್ಲ ಭಾವ, ಮುಂದುವರ್ಸಿ," ಎಂದ. ಆಗ ಅವನಿಗೆ ಹಲ್ಲುಗಳಿದ್ದವು.

ರಾಡಿನ ಬಲತುದಿ ಒಳ್ಳೆಯ ಸೊಸೆಯಂತೆ ಒಳಹೋಯಿತು. ಎಡತುದಿ ತೋಳಿನ ತೂತಿಗಿಂತ ಎರಡು ಬೆರಳು ಮೇಲೆ ನಿಂತಿತು.

"ಎರಡು ಬೆರಳು ಮೇಲಿದೆ," ಎಂದಿತು ಕಾರಿನ ಅಡಿಯಿಂದ ಭಾವನ ಧ್ವನಿ.

"ತಪ್ಪು ಸಾಮಾನು ಕಳ್ಸಿದಾರೆ," ಎಂದ ಅಣ್ಣ.

"ಕೊಯಮತ್ತೂರಿನವ್ರು ತಪ್ಪು ಮಾಡಲ್ಲ."

"ಹೌದು, ತಪ್ಪು ಮಾಡೋರೆಲ್ಲ ಕಳಸದಲ್ಲೇ ಇದಾರೆ."

ಭಾವ ರಾಡಿಗೆ ತೊಡಿಸುವ ರಬ್ಬರ್ ಬುಶ್ಶನ್ನು ಕೇಳಿದರು. ನಾನು ಅವರ ಕೈಯ ಪಕ್ಕ ಇಟ್ಟೆ. ಅವರು ಕೈ ಚಾಚುವಷ್ಟರಲ್ಲಿ ಅದು ಇರಲಿಲ್ಲ. ತೂಬಿನ ಬಾಯಲ್ಲಿ ಸಿಕ್ಕಿತು. ಮತ್ತೆ ವಾಷರ್ ಇಟ್ಟೆ. ಅದು ಅಂಚಿನ ಮೇಲೆ ನಿಂತು, ಎಲ್ಲಿಗೋ ತುರ್ತು ಕೆಲಸವಿದ್ದವರಂತೆ ಹೊರಟು ತೂಬು ಸೇರಿತು.

"ಯಾರು ಒದ್ದದ್ದು?" ಎಂದರು ಭಾವ.

"ನಾನಲ್ಲ," ಎಂದ ಅಣ್ಣ.

"ನಿಂಗೆ ಈ ಕೆಲ್ಸ ಆಗೋದು ಬೇಕಾಗಿಲ್ಲ."

"ಬೇಕಾಗಿಲ್ಲ ಅನ್ನೋದು ನಿಜ. ಒದ್ದಿಲ್ಲ ಅನ್ನೋದೂ ನಿಜ."

ಮೂರನೆಯ ವಾಷರೂ ಹೋದಾಗ ಭಾವ ಅಡಿಯಿಂದ ಹೊರಬಂದರು. ಮುಖದ ತುಂಬ ತುಕ್ಕಿನ ಪುಡಿ. ಕಾರನ್ನು ನೋಡಿದರು, ತೂಬನ್ನು ನೋಡಿದರು, ಆಮೇಲೆ ಬಾಯಿ ತಪ್ಪಿ ಸತ್ಯ ನುಡಿದರು.

"ನಿಮ್ಮ ಕಣನೇ ಸೊಟ್ಟ."

ಬಯಲುಸೀಮೆಯವರಿಗೆ ಈ ಮಾತಿನ ಭಾರ ತಿಳಿಯಲಾರದು. ನಮ್ಮಲ್ಲಿ ಒಬ್ಬ ಬೆಳೆಗಾರನ ಗಿಡ ಬೋಳಾಗಿದೆ ಅನ್ನಬಹುದು, ಕಾಫಿ ಕಪ್ಪು ಅನ್ನಬಹುದು, ಮಗ ದಂಡಪಿಂಡ ಎಂದರೂ ಕಾಫಿ ಕುಡಿಸಿ ಕಳಿಸುತ್ತಾರೆ. ಕಣ ಸೊಟ್ಟ ಎನ್ನುವ ಹಾಗಿಲ್ಲ. ಅದು ಅವನ ಕೈಯನ್ನೂ ಕಣ್ಣನ್ನೂ ಒಟ್ಟಿಗೆ ಬೈದಂತೆ. ಅಪ್ಪ ಕುರ್ಚಿಯಿಂದ ನಿಧಾನವಾಗಿ ಎದ್ದರು.

"ಅಳಿಯಂದಿರು ಏನಂದ್ರಿ?"

"ಕಾರು ಸೊಟ್ಟ ನಿಂತಿದೆ ಅಂದೆ ಮಾವ."

"ಅಲ್ಲ. ಕಣ ಅಂದ್ರಿ." ಅಪ್ಪ ಊರುಗೋಲಿನಿಂದ ರಾಡನ್ನು ತೋರಿಸಿದರು. "ಅದು ಇಲ್ಲೇ ಕೂರ್ಬೇಕು. ಈ ಕಣದಲ್ಲೇ. ಹಾರೆ ತಗೊಳ್ರೋ."

ಮುಂದಿನದು ಗೌರವದ ಪ್ರಶ್ನೆಯಾದ್ದರಿಂದ ಅಲ್ಲಿ ಬುದ್ಧಿಗೆ ಕೆಲಸವಿರಲಿಲ್ಲ. ಅಣ್ಣ ಹಾರೆಯ ಮೊನೆಯನ್ನು ಚಾಸಿಯ ಅಡಿಗೆ ಕೊಟ್ಟು, ರಾಡಿನ ಎಡತುದಿಯ ಮೇಲೆ ಅಡ್ಡ ಹಾಕಿ, ಹೊಟ್ಟೆಯ ಭಾರ ಬಿಟ್ಟು ಒತ್ತಿದ. ರಾಡು ನರಳುತ್ತ ಒಂದು ಬೆರಳು ಇಳಿಯಿತು. ಒಂದೂವರೆ ಇಳಿಯಿತು. ಅಡಿಯಲ್ಲಿ ಭಾವ ಬೋಲ್ಟನ್ನು ತೂತಿಗೆ ತೂರಿಸುತ್ತ "ಇನ್ನೊಂಚೂರು, ಇನ್ನೊಂಚೂರು" ಎನ್ನುತ್ತಿದ್ದರು. ಅಣ್ಣನ ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಬೋಲ್ಟಿನ ಮೊನೆ ಕಚ್ಚಿತೆಂದು ಅವನು ಹಿಡಿತ ಒಂಚೂರು ಸಡಿಲಿಸಿದ, ಆಗ ಬೋಲ್ಟು ಜಾರಿತು.

ಅಷ್ಟು ಹೊತ್ತು ಅದುಮಿಟ್ಟ ಕಬ್ಬಿಣದ ಸಿಟ್ಟೆಲ್ಲ ಹಾರೆಯ ಹಿಡಿಗೆ ಬಂತು. ಹಿಡಿ ಮೇಲೆದ್ದು ಅಣ್ಣನ ಬಾಯಿಗೆ ಬಡಿಯಿತು. ಮಡಕೆ ಒಡೆದಂಥ ಶಬ್ದ. ಅವನು ಮಂಡಿಯೂರಿ ಕೂತು, ಬಾಯಿಂದ ಎರಡು ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡು, ಅವು ತನ್ನವೇ ಎಂದು ಖಚಿತಪಡಿಸಿಕೊಂಡ. ಗಲ್ಲದಿಂದ ಬಿದ್ದ ರಕ್ತ ಸಿಮೆಂಟಿನ ಮೇಲೆ ಒಂದು ಗೆರೆಯಾಗಿ ತೂಬಿನ ಕಡೆಗೇ ಹೊರಟಿತು. ಆಗಲೂ ಕಣದಲ್ಲಿದ್ದ ನಮಗ್ಯಾರಿಗೂ ಹೊಳೆಯಲಿಲ್ಲ.

ಭಾವನಿಗೆ ಬೀಳಬೇಕಾದ ಮೊದಲ ಏಟಿಗಿಂತ ಮುಂಚೆ ಬಿದ್ದುಹೋದದ್ದು ಬಹುವಚನ.

"ಬೇಕಂತ ಬಿಟ್ಟೆಯಲ್ಲ," ಎಂದ ಅಣ್ಣ. ಮದುವೆಯಾದಾಗಿನಿಂದ ಅವನು ಭಾವನಿಗೆ ನೀನು ಎಂದದ್ದು ಅದೇ ಮೊದಲು. "ಅವತ್ತು ಅಕ್ಕನ್ನ. ಇವತ್ತು ನನ್ನ."

ಕಾರಿನ ಅಡಿಯಿಂದ ಹೊರಗೆ ಕಾಣುತ್ತಿದ್ದ ಎರಡು ಕಾಲುಗಳನ್ನು ಹಿಡಿದು ಎಳೆದ. ಭಾವನ ಅಂಗಿ ಮೇಲೆ ಸುತ್ತಿಕೊಂಡು ಬೆನ್ನಿನ ಚರ್ಮ ಸಿಮೆಂಟಿಗೆ ಉಜ್ಜಿ ಕಿತ್ತುಬಂತು. ತಲೆ ಹೊರಬರುವುದಕ್ಕೂ ಕಾಯದೆ ಪಕ್ಕೆಗೆ ಒದ್ದ. ಒಣರೆಂಬೆ ಮುರಿದಂತೆ ಕೇಳಿಸಿತು. ಎರಡನೆಯ ಸಲ ಒದ್ದಾಗ ಭಾವನ ಕೈಗೆ ಚಕ್ರ ಬಿಚ್ಚುವ ಸ್ಪ್ಯಾನರ್ ಸಿಕ್ಕಿ, ಅದು ಅಣ್ಣನ ಮೊಣಕಾಲ ಚಿಪ್ಪಿಗೆ ಬಿತ್ತು. ಅಣ್ಣ ಅವರ ಮೇಲೆ ಕುಸಿದ. ಭಾವ ಅವನ ಕಣ್ಣಿಗೆ ಹೆಬ್ಬೆರಳು ಇಟ್ಟು ಒತ್ತಿದರು. ಅಣ್ಣ ಉಳಿದ ಹಲ್ಲುಗಳಿಂದ ಅವರ ಕಿವಿ ಕಚ್ಚಿದ. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಉರುಳತೊಡಗಿದರು. ಯಾವ ಕಡೆಗೆ ಎಂದು ಹೇಳಬೇಕಾಗಿಲ್ಲ.

ನಾನು ಬಿಡಿಸಲು ಹೋದೆ. ಬಿಡಿಸುವವನು ಇಬ್ಬರನ್ನೂ ಹಿಡಿಯಬೇಕು. ನನಗೆ ಸಿಕ್ಕಿದ್ದು ಭಾವನ ಕೂದಲು ಮಾತ್ರ. ಅದನ್ನು ಹಿಡಿದು ಅವರ ತಲೆಯನ್ನು ಕಣಕ್ಕೆ ಅಪ್ಪಳಿಸಿದೆ. ಅಪ್ಪ "ಬಿಡಿ ಅಳಿಯಂದಿರೇ, ಬಿಡಿ ಅವನನ್ನ" ಎನ್ನುತ್ತ, ಮರ್ಯಾದೆಗೆ ಲವಲೇಶವೂ ಚ್ಯುತಿ ಬಾರದಂತೆ ಊರುಗೋಲನ್ನು ಎರಡೂ ಕೈಯಲ್ಲೆತ್ತಿ ಹೊಡೆದರು. ಅಳಿಯಂದಿರು ಅಷ್ಟರಲ್ಲಿ ಉರುಳಿಕೊಂಡಿದ್ದರಿಂದ ಬೀಟೆ ನನ್ನ ಹೆಗಲಿಗೆ ಬಿತ್ತು. ಕೈ ಬೆರಳಿನ ತುದಿಯವರೆಗೂ ಸತ್ತುಹೋಯಿತು.

ಇಲ್ಲಿಯವರೆಗಿನದನ್ನು ನಗುತ್ತ ಬರೆಯಬಲ್ಲೆ. ಆಮೇಲೆ ಅಣ್ಣ ಎದ್ದ. ಅವನ ಕೈಯಲ್ಲಿ ಹಾರೆ ಇತ್ತು. ಭಾವ ಅಂಗಾತ ಬಿದ್ದಿದ್ದರು. ಉರುಳುವಾಗ ಕಿವಿಯ ರಕ್ತ ಕಣ್ಣಿಗೆ ಮೆತ್ತಿ ಅವರಿಗೆ ಏನೂ ಕಾಣುತ್ತಿರಲಿಲ್ಲ, ಅಂದು ಅಕ್ಕನಿಗೆ ಕಾಣದ ಹಾಗೆ. ಅಣ್ಣ ಹಾರೆಯನ್ನು ತಲೆಯ ಮೇಲಕ್ಕೆ ಎತ್ತಿದ. ಅವನ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ, ಕೆಲಸ ಮುಗಿಸಿಬಿಡುವ ಶಾಂತಿ ಇತ್ತು. ಅಪ್ಪ ಊರುಗೋಲು ಕೆಳಗೆ ಬಿಟ್ಟರು.

ನೀರು ಬಂತು. ಒಂದು ಬಕೆಟ್ ತುಂಬ, ಅಣ್ಣನ ಮುಖಕ್ಕೆ ನೇರ. ಹಿಂದೆಯೇ ಇನ್ನೊಂದು, ಭಾವನ ಮೇಲೆ. ಕಚ್ಚಾಡುವ ನಾಯಿಗಳನ್ನು ನಮ್ಮಲ್ಲಿ ಬಿಡಿಸುವುದು ಹೀಗೆಯೇ. ಅಕ್ಕ ಬಕೆಟನ್ನು ಕೆಳಗಿಟ್ಟು, ಅಣ್ಣನ ಕೈಯಿಂದ ಹಾರೆಯನ್ನು ಕೊಡೆ ತೆಗೆದುಕೊಂಡಂತೆ ತೆಗೆದುಕೊಂಡಳು.

"ನೋಡಿ," ಎಂದಳು.

ನಾವು ನೋಡಿದೆವು. ನೀರು ಕಣದ ಮೇಲೆ ಹರಡಿ, ಒಂದು ಗಳಿಗೆ ಯೋಚಿಸಿ, ಎರಡು ಕಡೆಯಿಂದಲೂ ಸರಿದು, ರಕ್ತ, ತುಕ್ಕು, ಒಂದು ವಾಷರನ್ನು ಸೇರಿಸಿಕೊಂಡು ಕಾರಿನ ಮುಂದಿನ ಎಡಚಕ್ರದ ಕಲ್ಲನ್ನು ಸುತ್ತಿ ತೂಬಿಗಿಳಿಯಿತು. ನಾಲ್ಕು ಚಕ್ರಗಳಲ್ಲಿ ಅದೊಂದು ಮಾತ್ರ ತಗ್ಗಿನಲ್ಲಿತ್ತು. ಎರಡು ಬೆರಳು ತಗ್ಗಿನಲ್ಲಿ.

"ಸೊಟ್ಟ ಅಲ್ಲ ರೀ ಅದು," ಎಂದಳು ಅಕ್ಕ ಗಂಡನಿಗೆ. "ವಾಟ." ಅಪ್ಪನ ಕಡೆ ತಿರುಗಿ, "ಸಮನೂ ಅಲ್ಲ ಅಪ್ಪ. ವಾಟ."

ಅಪ್ಪ ಬಹಳ ಹೊತ್ತು ನೀರು ಹೋದ ದಾರಿಯನ್ನೇ ನೋಡಿದರು. ಮುಖ ಸಪ್ಪಗಾಗಿತ್ತಾದರೂ, ಒಂದು ಹನಿಯೂ ನಿಲ್ಲದೆ ಹೋದದ್ದನ್ನು ಅವರು ಗಮನಿಸದೆ ಇರಲಿಲ್ಲ.

ಅಮ್ಮ ಒಳಗಿಂದ ಕಾಫಿಪುಡಿಯ ಡಬ್ಬಿ ತಂದು ಒಬ್ಬೊಬ್ಬರ ಗಾಯಕ್ಕೂ ಪುಡಿ ಒತ್ತಿದಳು. ನಮ್ಮಲ್ಲಿ ರಕ್ತ ನಿಲ್ಲಿಸಲು ಮೊದಲು ಅದೇ. ಭಾವನ ಕಿವಿಗೆ ಒಳ್ಳೆಯ ಪುಡಿಯನ್ನೇ ಹಾಕಿದಳು, ಚಿಕೋರಿ ಬೆರೆಸದ್ದು, ಎಷ್ಟೆಂದರೂ ಅಳಿಯ.

"ಮೊದ್ಲೇ ಹೇಳೋಕೆ ಎಂತಾಗಿತ್ತೇ ನಿಂಗೆ?" ಎಂದು ಅಕ್ಕನನ್ನು ಗದರಿದಳು.

"ಮೂರನೇ ವಾಷರು ಉರುಳೋವರೆಗೂ ನಂಗೂ ಹೊಳೀಲಿಲ್ಲ. ಆಮೇಲೆ ಹೇಳಣ ಅಂದ್ರೆ ಇವ್ರೆಲ್ಲ ಬಿಜಿ ಇದ್ರು."

ಗೋದಾಮಿನ ಒಳಗೆ ಮಳೆ ಬೀಳುವುದಿಲ್ಲ, ಹಾಗಾಗಿ ಅಲ್ಲಿನ ನೆಲಕ್ಕೆ ವಾಟ ಇಲ್ಲ. ಮೂಟೆಗಳನ್ನು ಒಂದು ಬದಿಗೆ ಸರಿಸಿ, ಕಾರನ್ನು ಒಳಗೆ ತಳ್ಳಿ, ಮತ್ತೆ ಅದೇ ನಾಲ್ಕು ಕಲ್ಲು ಕೊಟ್ಟೆವು. ಒಂದು ಕಣ್ಣು ಮುಚ್ಚಿಹೋಗಿದ್ದ ಅಣ್ಣ ಬ್ಯಾಟರಿ ಬೆಳಕು ಹಿಡಿದ. ಉಸಿರೆಳೆದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ ಭಾವ ಅಡಿಗೆ ತೂರಿದರು. ಬೋಲ್ಟು ಎರಡು ಬೆರಳಲ್ಲಿ ಹಿಡಿದು ತಳ್ಳಿದ್ದಕ್ಕೆ ಒಳಗೆ ಹೋಯಿತು. "ಬಿಗಿದ್ರಾ ಭಾವ?" ಎಂದ ಅಣ್ಣ. ಹಲ್ಲಿಲ್ಲದ ಬಾಯಲ್ಲಿ ಅದು ಸರಿಯಾಗಿ ಹೊರಡದಿದ್ದರೂ ಬಹುವಚನ ಮರಳಿ ಬಂದದ್ದು ತಿಳಿಯಿತು.

"ಆಯ್ತು," ಎಂದರು ಭಾವ. ಹೊರಗೆ ಬಂದು, ಜಗಲಿಯ ಮೇಲಿನ ಸೂಟ್‌ಕೇಸನ್ನು ನೋಡಿ, ಅಕ್ಕನನ್ನು ನೋಡದೆ ನಿಂತರು.

"ಹೋಗ್ಲೇಬೇಕಾ ಮಗಾ?" ಎಂದರು ಅಪ್ಪ.

"ವಾಲೋದು ನಿಂತ್ರೆ ಬರ್ತೀನಿ ಅಂದಿದೀನಲ್ಲಪ್ಪ." ಅಕ್ಕ ಗಂಡನ ಮುಂದೆ ಕೈ ಚಾಚಿದಳು. "ಕೀ ಕೊಡಿ. ಓಡ್ಸೋದು ಯಾರು ಅಂತ ನಾನು ಹೇಳಿರ್ಲಿಲ್ಲ."

ಮದುವೆಗೆ ಮೊದಲು ಅವಳು ನಮ್ಮ ಜೀಪು ಓಡಿಸುತ್ತಿದ್ದಳು. ಭಾವ ಕೀ ಕೊಟ್ಟು, ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, ಅವಳು ಅಂದು ಕೂತಿದ್ದ ಎಡಗಡೆಯ ಸೀಟಿನಲ್ಲಿ ಕೂತರು. ಅವರಿಬ್ಬರ ನಡುವೆ ಇನ್ನೇನಾದರೂ ಆದರೆ ನೋಡಿಕೊಳ್ಳಲಿ ಎಂದು, ಒಂದು ಕೈ ಎತ್ತಲಾಗದ ನನ್ನನ್ನು ಅಪ್ಪ ಹಿಂದೆ ಕೂರಿಸಿ ಕಳಿಸಿದರು.

ಕೊಟ್ಟಿಗೆಹಾರ ದಾಟಿದ ಮೇಲೆ ಆ ಬಲತಿರುವು ಬಂತು. ಸಿಲ್ವರ್ ಮರದ ತೊಗಟೆ ಕೆತ್ತಿಹೋಗಿದ್ದುದು ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಅಕ್ಕ ವೇಗ ಇಳಿಸಲಿಲ್ಲ. ಭಾವ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದರು. ಕಾರು ಮೇಜಿನಂತೆ ನೆಟ್ಟಗೆ, ಚಪ್ಪಟೆಯಾಗಿ ತಿರುಗಿ ಆಚೆಗೆ ಹೋಯಿತು.

ಆದರೆ ರಾಡಿನ ಇನ್ನೊಂದು ಗುಣ ನಮಗೆ ತಿಳಿದದ್ದು ತಿರುವಿನ ಆಚೆ. ಮೊದಲೆಲ್ಲ ಗುಂಡಿಗೆ ಬಿದ್ದ ಚಕ್ರ ತನ್ನ ಪಾಡಿಗೆ ತಾನು ಬಿದ್ದು ಏಳುತ್ತಿತ್ತು. ಈಗ ಒಂದು ಚಕ್ರಕ್ಕೆ ಬಿದ್ದ ಏಟನ್ನು ರಾಡು ಅಷ್ಟೇ ನಿಷ್ಠೆಯಿಂದ ಇನ್ನೊಂದಕ್ಕೂ ಮುಟ್ಟಿಸುತ್ತಿತ್ತು, ಅಲ್ಲಿಂದ ಸೀಟಿಗೆ, ಸೀಟಿನಿಂದ ಪಕ್ಕೆಗೆ. ಕಳಸದ ರಸ್ತೆಯಲ್ಲಿ ಗುಂಡಿಗಳಿಗೆ ಬರವಿಲ್ಲ. ಅಕ್ಕ ಒಂದನ್ನೂ ತಪ್ಪಿಸಲಿಲ್ಲ. ಪ್ರತಿಯೊಂದಕ್ಕೂ ಭಾವನ ಬಾಯಿಂದ ಗಾಳಿ ಹೋದ ಟ್ಯೂಬಿನಂಥ ಸದ್ದು ಬರುತ್ತಿತ್ತು. ಹಿಂದಿನಿಂದ ನನ್ನದೂ ಬರುತ್ತಿತ್ತು.

"ಸ್ವಲ್ಪ ನಿಧಾನ ಹೋಗೇ ಮಾರಾಯ್ತಿ," ಎಂದರು ಭಾವ ಕೊನೆಗೆ, ಬೆವರೊರೆಸಿಕೊಳ್ಳುತ್ತ.

"ಎಂತಕ್ಕೆ?" ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. "ವಾಲ್ತಾ ಇಲ್ವಲ್ಲ."